ಗಂಡನ ಜಾಮೀನು

…ಮತ್ತೆ ಕೇದಾರ್! ಈ ಯೂಟ್ ಗಾಡಿ ಹತ್ತಿದಾಗಿಂದ ಕೇದಾರ್ ಹಂಗಂದ, ಕೇದಾರ್ ಹಿಂಗಂದ… ಫ್ಲಾಟ್‌ಮೇಟ್ ಅಂತ ಒಂದು ರೂಮು ಬಾಡಿಗೆಗೆ ಕೊಟ್ರೆ ಮನೆಗೇ ಮೇಷ್ಟ್ರಾಗಿಬಿಟ್ಟನಲ್ಲೇ! ಯಾಕೆ ನಗ್ತೀಯ? ನಗು, ನಗು. ಅವನು ಜೋಕ್ ಹೊಡೆದ್ರೆ ಪಾತ್ರೆ ತೊಳೆಯೋದು ಬಿಟ್ಟು ನಗ್ತೀಯಲ್ಲ, ಹಂಗೇ ನಗು.

ತಡಿ, ಡೋರ್ ತೆಗೀಬೇಡ. ರಿಕ್ಕರ್ಟನ್ ಮಾಲ್ ಎಲ್ಲಿಗೂ ಓಡಿಹೋಗಲ್ಲ. ನಿನ್ನ ಶಿಫ್ಟಿಗೆ ಇನ್ನೂ ಟೈಮಿದೆ.

ನರ್ಸಿಂಗ್ ಓದಬೇಡ ಅಂದ್ನಾ ನಾನು? ಅಂದ್ನಾ? ಗೊತ್ತು ಮಾರಾಯ್ತಿ, ಅರ್ಜಿ ಹಾಕೋಕೆ ಇವತ್ತೇ ಕೊನೇ ದಿನ. ಆದ್ರೆ ಸ್ಟೂಡೆಂಟ್ ಲೋನ್ ಅಂದ್ರೂ ಸಾಲ ಸಾಲಾನೇ. ಸಾಲಕ್ಕೆ ಜಾಮೀನು ಬೇಕು. ಮೈಸೂರಲ್ಲಿ ನಿಮ್ಮಣ್ಣನ ಇಂಜಿನಿಯರಿಂಗ್ ಲೋನಿಗೆ ನಿಮ್ಮಪ್ಪ ಇಸ್ತ್ರಿ ಶರಟು ಹಾಕ್ಕೊಂಡು ಮ್ಯಾನೇಜರ್ ಮುಂದೆ ಕೂತು ಸೈನ್ ಹಾಕಲಿಲ್ವಾ? ಇಲ್ಲಿ ಅಪ್ಪನ ಜಾಗದಲ್ಲಿ ಗಂಡ. ಯೋಚನೆ ಮಾಡಿ ಹಾಕ್ತೀನಿ ಅಂತ ಹೇಳ್ತಾನೇ ಇದೀನಿ…

ಎಷ್ಟು ದಿನ ಯೋಚನೆ ಅಂದ್ರೆ? ಆಸ್ಟ್ರೇಲಿಯಾಗೆ ಹೋಗೋಣ ಅಂತ ನಾನು ಅಂದಿದ್ದೆ ತಾನೇ! ಈ ದೇಶಕ್ಕೆ ಬಂದಮೇಲೆ ತಿಮಾರು ಊರಿನ ಹಾಲಿನ ಫಾರ್ಮು, ನೆಲ್ಸನ್ ಊರಿನ ಸೇಬಿನ ತೋಟ, ನಾನು ಎಲ್ಲಿಗೆ ಅಂದ್ರೆ ಅಲ್ಲಿಗೆ ಬ್ಯಾಗ್ ಕಟ್ಟಿದವಳು ನೀನು. ಈಗ? ಇಲ್ಲೇ ಇದ್ರೆ ಬಡ್ಡಿಯಿಲ್ಲ, ದೇಶ ಬಿಟ್ಟು ಆರು ತಿಂಗಳಾದ್ರೆ ಬಡ್ಡಿ ಶುರು. ನಿನ್ನ ಓದು, ನನ್ನ ಕಾಲಿಗೆ ಗೂಟ!

ಹಾಂ? ನಂಗೆ ಹೆಂಗೆ ಗೊತ್ತಾ? ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಗೊತ್ತಿರಬಾರದಾ? ಎಲ್ಲ ಆ ಕೇದಾರನೇ ಹೇಳಬೇಕಾ? ನಾನೇ ಫೋನ್ ಮಾಡಿದ್ದೆ ಕಣೇ, ಲೋನ್ ಆಫೀಸಿಗೆ! ಅವನಿಗಿಂತ ಚೆನ್ನಾಗಿ ಹೇಳ್ತೀನಿ, ಕೇಳು. ಕೋರ್ಸಿನ ಫೀಸು ನೇರ ಕಾಲೇಜಿಗೇ ಕಟ್ತಾರೆ. ಪುಸ್ತಕ, ಯೂನಿಫಾರ್ಮು, ಅದಕ್ಕೆಲ್ಲ ವರ್ಷಕ್ಕೆ ಸಾವಿರ ಡಾಲರ್, ಅದರ ಮೇಲೆ ಬಿಡಿಗಾಸಿಲ್ಲ. ಊಟ, ಬಾಡಿಗೆಗೆ ವಾರವಾರ ಇಷ್ಟೇ ಅಂತ ಮಿತಿ, ಅದೂ ಫುಲ್-ಟೈಮ್ ಓದಿದ್ರೆ. ರೆಸಿಡೆಂಟ್ ಆಗಿ ಮೂರು ವರ್ಷ ಇಲ್ಲಿದ್ದಿರಬೇಕು. ನಿಂಗೆ ಆಗಿದೆ. ಹೇಳಿದನಾ ನಿನ್ನ ಕೇದಾರ ಇಷ್ಟು ಬಿಡಿಸಿ? ಫೋನಲ್ಲಿ ಆ ಹುಡುಗಿ ಎಷ್ಟು ಮರ್ಯಾದೆಯಿಂದ ಮಾತಾಡಿದ್ಲು ಗೊತ್ತಾ! ಗಂಡ ಎಲ್ಲಿ ಸೈನ್ ಹಾಕಬೇಕು ಮೇಡಂ ಅಂದೆ. ನಕ್ಕುಬಿಟ್ಲು. ಗಂಡ ಯಾಕೆ ಸರ್, ಓದೋರ ಸೈನ್ ಒಂದಿದ್ರೆ ಸಾ…

…

ಅಲ್ಲ… ಅವಳು ಹೊಸಬಳಿರಬೇಕು. ಅವಳಿಗೇನು ಗೊತ್ತು.

ಯಾಮಿನಿ?

ಹಂಗೆ ನೋಡಬೇಡ. ಬಯ್ಯಿ. ಬೇಕಾದ್ರೆ ಕೇದಾರನ ಹೆಸರೇ ಹೇಳು, ಏನಾದ್ರೂ ಹೇಳೇ… ಫೋನ್ ಯಾಕೆ ತೆಗೆದೆ? ಯಾರಿಗೆ? ಓ… ಆ ಅರ್ಜಿನಾ… ಇಷ್ಟೂ ತುಂಬಿಸಿಟ್ಟಿದ್ಯಾ? ನನ್ನ ಸೈನ್ ಒಂದಕ್ಕೇ ಕಾಯ್ತಿದ್ಯಾ?

ಹಾಕ್ತೀನಿ ಕಣೇ. ಈಗಲೇ. ತಗೋ, ಪೆನ್ನೂ ಇದೆ ಇಲ್ಲಿ… ಎಲ್ಲಿ ಹಾಕಲಿ? ಯಾಮಿನಿ, ಇಳೀಬೇಡ, ಡೋರ್ ಹಾಕು… ಎಲ್ಲಾದ್ರೂ ಒಂದು ಕಡೆ, ಮೂಲೇಲಾದ್ರೂ… ತೋರಿಸೇ, ಎಲ್ಲಿ ಹಾಕಲಿ?