ಹುಳುಮನೆ ಅಂತ ಪೂರ್ತಿ ಬರೆಯಿರಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಷ್ಟ್ರ ತಾಯಿ ಮುನಿಗಂಗಮ್ಮನವರಿಗೆ, ಮೇಷ್ಟ್ರ ಪತ್ನಿ ಶ್ರೀಮತಿ ಶ್ಯಾಮಲಮ್ಮನವರಿಗೆ, ಶಾಲಾ ಸಮಿತಿಯ ಅಧ್ಯಕ್ಷರಾದ ಬಯ್ಯಪ್ಪನವರಿಗೆ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದಿರುವ ನಿಮ್ಮೆಲ್ಲರಿಗೂ — ನಮಸ್ಕಾರ. ನಾನು ಚನ್ನಕೇಶವ. ಹೋದ ವಾರ ನಮ್ಮನ್ನು ಅಗಲಿದ ವೆಂಕಟರವಣಪ್ಪ ಮೇಷ್ಟ್ರ ಜೊತೆ ಇದೇ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಮಾಡಿದವನು.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. "ಎರಡು ಒಳ್ಳೆ ಮಾತಾಡಿ ಇಳೀರಿ ಮೇಷ್ಟ್ರೇ" ಅಂದಿದ್ದಾರೆ. ಒಳ್ಳೆಯ ಮಾತು ಆಮೇಲೆ. ಮೊದಲು ನನ್ನ ಬೆನ್ನ ಹಿಂದೆ ಕಟ್ಟಿರುವ ಈ ಬ್ಯಾನರು ಓದಿ. ಏನಿದೆ? 'ಹೆಚ್. ವೆಂಕಟರವಣಪ್ಪ'. ಹೊರಗೆ ಗೋಣಿಚೀಲ ಹೊದಿಸಿ ಒಂದು ಕಲ್ಲು ಇಟ್ಟಿದ್ದಾರೆ. ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿಸಿದ ಹೊಸ ಕೊಠಡಿಯ ಬಾಗಿಲ ಮೇಲೆ, ಈ ಸಭೆ ಮುಗಿದ ಕೂಡಲೇ ಕೂರಿಸಬೇಕಾದ ಕಲ್ಲು. ಚೀಲ ಎತ್ತಿ ನೋಡಿದೆ. ಅದರಲ್ಲೂ ಹೆಚ್.

ಯಾಕ್ರೀ ಬರೀ ಹೆಚ್ ಅಂತ ಕೇಳಿದರೆ, "ಕಲ್ಲಲ್ಲಿ ಜಾಗ ಸಾಲ್ಲಿಲ್ಲ" ಅಂದರು. ಸರಿ. ಆದರೆ ಅದೇ ಕಲ್ಲಿನ ಕೆಳಗಿನ ಸಾಲಿನಲ್ಲಿ 'ಅಧ್ಯಕ್ಷರು, ಪಟೇಲರ ಮನೆ ಬಯ್ಯಪ್ಪ' ಅಂತ ಇದೆಯಲ್ಲ — ಪೂರ್ತಿ ಇದೆಯಲ್ಲ — ಅದಕ್ಕೆ ಜಾಗ ಎಲ್ಲಿಂದ ಬಂತು? ಬೇಜಾರು ಮಾಡಿಕೊಳ್ಳಬೇಡಿ ಬಯ್ಯಪ್ಪನವರೇ. ಮಾಡಿಕೊಂಡರೂ ಪರವಾಗಿಲ್ಲ.

ಆ ಹೆಚ್ ಅಂದರೆ ಹುಳುಮನೆ. ಹುಳುಮನೆ ವೆಂಕಟರವಣಪ್ಪ.

ಶಿಡ್ಲಘಟ್ಟದ ಸೀಮೆಯವರಿಗೆ ಹುಳುಮನೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ರೇಷ್ಮೆ ಹುಳ ಸಾಕುವ ಕೋಣೆ. ನಮ್ಮ ಮನೆಯಲ್ಲೂ ಇತ್ತು. ನಮ್ಮದು ದೊಡ್ಡಮನೆ. ಊರಾಚೆಯ ದಲಿತರ ಕಾಲೋನಿಯವರು ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಬಹುದು, ಹೊತ್ತು ತರಬಹುದು, ಆದರೆ ಹುಳುಮನೆಯ ಹೊಸಿಲು ದಾಟುವ ಹಾಗಿಲ್ಲ. ಅವರ ನೆರಳು ಬಿದ್ದರೆ ಹುಳಕ್ಕೆ ರೋಗ ಬರುತ್ತದೆ ಅಂತ ನಂಬಿಕೆ. ಇವತ್ತು ಇಲ್ಲಿ ಕುಳಿತಿರುವ ಮುನಿಗಂಗಮ್ಮನವರು ತಲೆ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಒಳಗಿನಿಂದ ಕೂಗುತ್ತಿದ್ದೆ, "ಏ ಗಂಗಮ್ಮಿ, ಅಲ್ಲೇ ನಿಂತ್ಕೋ!" ನನಗೆ ಆಗ ಎಂಟು ವರ್ಷ. ಆಕೆ ನಿಲ್ಲುತ್ತಿದ್ದರು.

ಆಕೆ ಏನು ಮಾಡಿದರು ಗೊತ್ತೆ? ಕಾಲೋನಿಯಲ್ಲೇ, ತನ್ನ ಗುಡಿಸಲ ಪಕ್ಕದಲ್ಲಿ, ಗರಿ ಹೊದಿಸಿ ಒಂದು ಹುಳುಮನೆ ಕಟ್ಟಿದರು. "ಇವಳ ಕೈಲಿ ಹುಳ ಬದುಕತ್ತಾ?" ಅಂತ ಊರೆಲ್ಲ ನಕ್ಕಿತು. ಆ ವರ್ಷ ನಮ್ಮ ಮನೆಯ ಹುಳ ಸುಣ್ಣಕಟ್ಟು ರೋಗ ಬಂದು ಮೈ ಬೆಳ್ಳಗಾಗಿ ಸತ್ತವು. ಆಕೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಮುಂದೆ ಆಕೆಯ ಮಗ, ನಮ್ಮ ವೆಂಕಟರವಣಪ್ಪ ಮೇಷ್ಟ್ರು, ಈ ಶಾಲೆಗೆ ಸೇರಿದ ಮೇಲೆ ಅದೇ ಕೋಣೆಯಲ್ಲಿ ಸಂಜೆ ಹೊತ್ತು ಕಾಲೋನಿಯ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಹುಳ ಸೊಪ್ಪು ತಿನ್ನುವ ಸದ್ದಿಗಿಂತ ಜೋರಾಗಿ ಹೇಳಬೇಕು, ಅದೇ ನಿಯಮ.

ಎಂಬತ್ತನೇ ಇಸವಿ, ಜೂನ್ ತಿಂಗಳು. ನಾನೂ ಅಷ್ಟೊತ್ತಿಗೆ ಇಲ್ಲಿ ಕೆಲಸಕ್ಕೆ ಸೇರಿದ್ದೆ. ಮೇಷ್ಟ್ರು ಆ ಮಕ್ಕಳನ್ನೆಲ್ಲ ಸಾಲಾಗಿ ಒಂದನೇ ತರಗತಿಗೆ ಕರೆತಂದರು. ನಮ್ಮ ದಾಖಲಾತಿ ಪುಸ್ತಕದಲ್ಲಿ ಊರಿನ ಮಕ್ಕಳ ಹೆಸರಿನ ಹಿಂದೆ ಮನೆತನ ಬರೆಯುವ ಪದ್ಧತಿ — ದೊಡ್ಡಮನೆ, ಪಟೇಲರ ಮನೆ, ಹೀಗೆ. ಕಾಲೋನಿಯ ಮಕ್ಕಳಿಗೆ ಆ ಜಾಗದಲ್ಲಿ ಬರೀ ಒಂದು ಗೆರೆ. ಮೇಷ್ಟ್ರು ಪೆನ್ನು ತೆಗೆದುಕೊಂಡು ಒಬ್ಬೊಬ್ಬರಿಗೂ ಬರೆದರು — ಹುಳುಮನೆ, ಹುಳುಮನೆ, ಹುಳುಮನೆ.

ಆಗಿನ ಹೆಡ್‌ಮಾಸ್ಟರು ಕನ್ನಡಕ ಮೇಲೆ ಸರಿಸಿ, "ಏನ್ರೀ ಇದು? ಇವರಿಗೆ ಮನೆತನ ಕೊಟ್ಟೋರು ಯಾರು?" ಅಂದರು. ಮೇಷ್ಟ್ರು ತಲೆ ಎತ್ತದೆ ಬರೆಯುತ್ತಲೇ ಹೇಳಿದರು: "ನಿಮಗೆ ಯಾರ್ ಕೊಟ್ರು ಅಂತ ಹೇಳಿ ಸಾರ್. ಇವ್ರಿಗೂ ಅವ್ರ ಹತ್ರಾನೇ ಈಸ್ಕೊಂಡ್ ಬರ್ತೀನಿ."

ನಾನು ಪಕ್ಕದಲ್ಲೇ ಇದ್ದೆ. ನಗಲಿಲ್ಲ. ನನಗೆ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ.

ಏಳನೇ ವರ್ಷಕ್ಕೆ ಆ ಮಕ್ಕಳು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಬಂದರು. ಹನ್ನೊಂದು ಜನ. ಅರ್ಜಿ ತುಂಬುವ ಕೆಲಸ ನನ್ನದು. ಹುಳುಮನೆ ಅಂತ ಇದ್ದರೆ ಪರೀಕ್ಷೆಯ ಹಾಲಿನಲ್ಲಿ ನಗುತ್ತಾರೆ, ಯಾವ ಜನ ಅಂತ ಕೆದಕುತ್ತಾರೆ — ಪಾಪ, ಯಾಕೆ ಅಂತ — ಹನ್ನೊಂದಕ್ಕೂ ಹೆಚ್ ಹಾಕಿದೆ. ಉಪಕಾರ ಮಾಡಿದೆ ಅಂತಲೇ ತಿಳಿದಿದ್ದೆ.

ಮೇಷ್ಟ್ರು ಅರ್ಜಿ ನೋಡಿದರು. ಕೂಗಾಡಲಿಲ್ಲ. "ಏನ್ ಕೇಶವ, ನಮ್ಮನೆ ಬಾಗ್ಲು ಹಾಕ್ಬುಟ್ಟಿದೀಯಲ್ಲಪ್ಪ?" ಅಂದರು.

"ಮಕ್ಳಿಗೆ ಒಳ್ಳೇದಾಗ್ಲಿ ಅಂತ ಮಾಡ್ದೆ ಕಣ್ರೀ."

"ಹಂಗಾದ್ರೆ ನಿಂದೂ ಬರೀ ಡಿ ಅಂತ ಬರ್ಕೋ. ದೊಡ್ಡಮನೆ ಅಂತ ಯಾಕೆ ಬರ್ಕೊತೀಯ?"

ಮೇಷ್ಟ್ರು ಅವತ್ತೇ ಶಿಡ್ಲಘಟ್ಟಕ್ಕೆ ಹೋಗಿ ಹನ್ನೊಂದು ಹೊಸ ಅರ್ಜಿ ತಂದು ನನ್ನ ಮುಂದೆ ಇಟ್ಟರು. "ಬರಿ. ನಿನ್ನ ಕೈಲೇ ಬರಿ." ಬರೆದೆ. ಮೊದಲ ನಾಲ್ಕೈದು ಸಿಟ್ಟಿನಲ್ಲಿ ಬರೆದೆ. ಕೊನೆಯ ಅರ್ಜಿಯ ಹೊತ್ತಿಗೆ ನನಗೇ ನಾಚಿಕೆಯಾಗಿತ್ತು. ನಾನು ಮೇಷ್ಟ್ರಾದದ್ದು ಅವತ್ತು.

ಈಗ ಆ ಹನ್ನೊಂದರಲ್ಲಿ ಕೆಲವರನ್ನು ಹೇಳುತ್ತೇನೆ, ಕೇಳಿ. ಚಿಂತಾಮಣಿಯಲ್ಲಿ ನಿಮ್ಮ ಮಕ್ಕಳಿಗೆ ಜ್ವರ ಬಂದರೆ ನಾಡಿ ಹಿಡಿಯುವ ಡಾಕ್ಟರು ಯಾರು? ಹುಳುಮನೆ ಆಂಜಿನಮ್ಮ. ಗೌರಿಬಿದನೂರಿನ ಕೋರ್ಟಿನಲ್ಲಿ ಕರಿಕೋಟು ಹಾಕಿ ನಿಲ್ಲುವವನು? ಹುಳುಮನೆ ನರಸಿಂಹಪ್ಪ. ಕಬಡ್ಡಿಯಲ್ಲಿ ರಾಜ್ಯದ ತಂಡಕ್ಕೆ ಆಡಿ ಮಂಡಿ ಮುರಿದುಕೊಂಡು ಬಂದನಲ್ಲ, ಅಗೋ ಕಂಬಕ್ಕೆ ಒರಗಿ ಕೂತಿದ್ದಾನೆ — ಹುಳುಮನೆ ಮುನಿಶಾಮಿ. ಒಬ್ಬರಿಗೊಬ್ಬರು ರಕ್ತಸಂಬಂಧಿಗಳಲ್ಲ. ಹೋದ ವರ್ಷ ಚಿಕ್ಕಬಳ್ಳಾಪುರದಲ್ಲಿ ಒಬ್ಬ ದೊಡ್ಡ ಅಧಿಕಾರಿ ಮೇಷ್ಟ್ರನ್ನು ಕೇಳಿದರಂತೆ: "ಎಲ್ಲಿ ನೋಡಿದ್ರೂ ಹುಳುಮನೆಯವರೇ ಇದಾರಲ್ರೀ! ಭಾರಿ ಮನೆತನ ಇರ್ಬೇಕು. ಮನೆ ಎಷ್ಟು ದೊಡ್ಡದು?"

"ಹತ್ತಡಿ ಹನ್ನೆರಡಡಿ ಸ್ವಾಮಿ. ಮಳೆ ಬಂದ್ರೆ ಸೋರ್ತಿತ್ತು."

ನಗಿ. ನಗಬಹುದು. ಅವರೂ ನಗುತ್ತಿದ್ದರು.

ಈಗ ಹೇಳಿ, ಆ ಮನೆಯನ್ನು ಒಂದಕ್ಷರಕ್ಕೆ ಇಳಿಸಿ ಕಲ್ಲಿನಲ್ಲಿ ಹೂಳುವುದಕ್ಕೆ ನಾವು ಯಾರು? ಒಂದು ಸಲ ನಾನೇ ಆ ತಪ್ಪು ಮಾಡಿದ್ದೇನೆ. ಅವತ್ತು ತಿದ್ದಿಸುವುದಕ್ಕೆ ಅವರಿದ್ದರು. ಇವತ್ತು ಅವರಿಲ್ಲ — ಅದಕ್ಕೇ ಧೈರ್ಯ ಬಂದಿದೆ ನಿಮಗೆ! ಆದರೆ ನಾನಿದ್ದೇನೆ. ಆ ಕಲ್ಲು ಆ ಬಾಗಿಲಿಗೆ ಏರುವುದಿಲ್ಲ. ಏರಿಸುವುದಾದರೆ ನನ್ನನ್ನು ದಾಟಿ ಏರಿಸಿ. ಹೊಸ ಕಲ್ಲು ಕೆತ್ತಿಸಿ, ಪೂರ್ತಿ ಬರೆಸಿ. ಜಾಗ ಸಾಲದಿದ್ದರೆ ಅಧ್ಯಕ್ಷರ ಹೆಸರು ತೆಗೆಯಿರಿ.

ಬಯ್ಯಪ್ಪನವರು ತಲೆ ಬಗ್ಗಿಸಿದ್ದಾರೆ. ಒಪ್ಪಿಗೆಯೋ ಸಿಟ್ಟೋ ನನಗೆ ಗೊತ್ತಿಲ್ಲ. ನಾನು ಸಂಜೆವರೆಗೂ ಆ ಬಾಗಿಲಲ್ಲೇ ಕೂತಿರುತ್ತೇನೆ, ಬಂದು ಹೇಳಲಿ.

ಇನ್ನು ಮೌನ. ಆದರೆ ಮೊದಲು ಸದ್ದು. ಹುಳುಮನೆಯವರು ಎಲ್ಲೆಲ್ಲಿದ್ದೀರೋ ಅಲ್ಲಲ್ಲೇ ಎದ್ದು, ಮನೆ ಸೇರಿಸಿ ನಿಮ್ಮ ಹೆಸರು ಜೋರಾಗಿ ಹೇಳಿ. ಮಗ್ಗಿ ಹೇಳುತ್ತಿದ್ದಿರಲ್ಲ, ಹಾಗೆ. ಹ್ಞಾ, ಆಂಜಿನಮ್ಮ... ನರಸಿಂಹಪ್ಪ... ಇನ್ನೂ ಜೋರಾಗಿ ಕಣೋ ಮುನಿಶಾಮಿ, ಹೊರಗಿನ ಕಲ್ಲಿಗೂ ಕೇಳಲಿ!

ಈಗ ಉಳಿದವರು. ಪಟೇಲರ ಮನೆಯವರು, ನಮ್ಮ ದೊಡ್ಡಮನೆಯವರು, ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ.

ಅಯ್ಯೋ, ಮುನಿಗಂಗಮ್ಮನವರೇ, ನೀವು ಏಳಬೇಡಿ. ಕೂತ್ಕೊಳ್ಳಿ ತಾಯಿ. ನಮ್ಮ ಬಾಗಿಲಲ್ಲಿ ನಿಂತಿದ್ದು ಸಾಕು. ಇವತ್ತು ನಾವು ನಿಲ್ಲುತ್ತೇವೆ.