ಬಾವಿ ತಿರುವಿನ ಹಂಪ್

ಆ ಬಾಗಿಲಾ ಮುಂದ ಮಾಡ್ರಿ... ಹೇಳತೀನಿ. ಇದು ನಮ್ಮ ಕಾಕಾನ ಮಗಳು ಸಾರಿಕಾಗ ಆದದ್ದು. ಎರಡ ಸಾವಿರದ ಹದಿನಾಕು, ಕಬ್ಬಿನ ಸೀಜನ್.

ಪಾಲಬಾವಿ ಕಡೆ ಒಂದ ಊರಾಗ ಆಕಿ ಅಂಗನವಾಡಿ ಟೀಚರ್. ರಾತ್ರಿ ಒಂಬತ್ತ ದಾಟಿತ್ತು. ಕರೆಂಟ್ ಇರಲಿಲ್ಲ. ಪಂಚಾಯ್ತಿ ಮೀಟಿಂಗ್ ಮುಗಿಸಿ, ಬಾಜೂ ಮನಿ ಭೀಮಗೊಂಡ ಕಾಕಾನ ಜೋಡಿ ನಡಕೋತ ಮನಿಗಿ ಹೊಂಟಿದ್ಲು. ಸಿಟ್ಟಿಲೇ ದಪದಪ ಹೆಜ್ಜಿ ಹಾಕತಿದ್ಲು.

ಸಿಟ್ಟು ಯಾತಕ್ಕಂದ್ರ... ಊರ ಬಾವಿ ಹತ್ರ ರಸ್ತೆ ತಿರಗತೈತಿ. ಅಲ್ಲೇ ಹುಡುಗ್ರು ದಾಟಬೇಕು, ಅಲ್ಲೇ ಕಬ್ಬಿನ ಟ್ರ್ಯಾಕ್ಟರ್ ಎರಡೆರಡ ಟ್ರೇಲರ್ ಕಟಗೊಂಡ ಹಾರಿ ಬರಬೇಕು. ಒಂದ ಹಂಪ್ ಹಾಕ್ರಿ ಅಂತ ಸಾರಿಕಾ ಎರಡ ವರ್ಷ ಅರ್ಜಿ ಕೊಟ್ಲು. ಪಂಚಾಯ್ತಿಯವ್ರು ರಸ್ತೆ ನಮ್ದಲ್ಲ ಅಂದ್ರು. ರಸ್ತೆ ಆಫೀಸನ್ಯಾಗ ಪೊಲೀಸರ ಪತ್ರ ತಾ ಅಂದ್ರು. ಪೊಲೀಸರು ಪಂಚಾಯ್ತಿ ಠರಾವ್ ತಾ ಅಂದ್ರು. ಕಡೀಕ ಓಣಿ ಮಂದೀನೇ ಮುರುಮ್ ಮಣ್ಣ ಹಾಕಿ ಹಂಪ್ ಮಾಡಿದ್ರು. ಬಾವಿಗಿ ಹತ್ತಿದ ಮನಿ ಗಂಗೂಬಾಯಿ, ಅರವತ್ತೈದರ ಮುದುಕಿ, ಎಲ್ಲಾರಕಿಂತ ಹೆಚ್ಚ ಬುಟ್ಟಿ ಹೊತ್ತಾಕಿ. ಮೂರನೇ ದಿನ ರಸ್ತೆ ಆಫೀಸಿನವ್ರು ಪರವಾನಗಿ ಇಲ್ಲಂತ ಮಶೀನ್ ತಂದ ಸಪಾಟ ಮಾಡಿ ಹೋದ್ರು. ಅದೇ ವಾರ ಗಂಗೂಬಾಯಿ ನೀರಿನ ಕೊಡಾ ಹೊತ್ತ ದಾಟಾಕ ಹೋಗಿ, ಅಲ್ಲೇ, ಟ್ರೇಲರ್ ಗಾಲಿಗಿ ಸಿಕ್ಕ ಸತ್ಲು.

ಇಷ್ಟಾದ ಮ್ಯಾಲೂ ಆ ರಾತ್ರಿ ಮೀಟಿಂಗನ್ಯಾಗ ಬಂದ ಮಾತು... ಮುಂದಿನ ಸಲ ನೋಡೂಣು.

ಇಬ್ಬರೂ ತಿರುವಿಗಿ ಬಂದ್ರು. ಸಪ್ಪಳಾತು.

ಸರ್ರ್... ಬುಟ್ಟಿಯಿಂದ ಮುರುಮ್ ಸುರಿದಂಗ. ಆಮ್ಯಾಲ ಧಪ್... ಧಪ್... ಸಲಿಕಿ ಬೆನ್ನಿಲೇ ಬಡದಂಗ.

"ಕಾಕಾ... ಕೇಳತೈತೇನ್ರಿ?"

"ಕೇಳತೈತಿ. ಬ್ಯಾಟರಿ ಹಚ್ಚಬ್ಯಾಡ."

ಮಬ್ಬ ಬೆಳದಿಂಗಳಾಗ, ನಡುರಸ್ತೆದಾಗ ಬೆನ್ನ ಮಾಡಿ ಒಬ್ಬಾಕಿ ಬಗ್ಗಿದ್ಲು. ಸೆರಗ ಟೊಂಕಕ್ಕ ಸಿಗಿಸಿದ್ಲು. ಆ ಬೆನ್ನ ಸಾರಿಕಾಗ ಗುರ್ತ ಹತ್ತಿತು. ಅಂಜಿಕಿ ಬರಬೇಕಿತ್ತು... ಆದ್ರ ಮೊದಲ ಬಂದದ್ದು ಎರಡ ವರ್ಷದ ಬ್ಯಾಸರ.

"ಬಿಡ ಗಂಗೂ ಆಯಿ," ಅಂದ್ಲು ಮೆಲ್ಲಕ. "ಮತ್ತ ಕಿತ್ತ ಒಗೀತಾರ."

ಸಲಿಕಿ ನಿಂತಿತು. ಆಕಿ ಹೊಳ್ಳಿ ನೋಡಲಿಲ್ಲ.

"ಈ ಸಲ ಕೀಳಾಕ ಬರಂಗಿಲ್ಲವ್ವ."

ಅಷ್ಟರಾಗ ಹಾಡಿನ ಟೇಪ್ ಒದರಿಸಿಕೋತ ಟ್ರ್ಯಾಕ್ಟರ್ ಬಂತು. ಕಾಕಾ ಸಾರಿಕಾನ ರಟ್ಟಿ ಹಿಡದ ದಂಡಿಗಿ ಎಳದ. ಕೀರ್ರ್... ಬ್ರೇಕ್. ಎಂಜಿನ್ ಜಿಗೀತು, ದಡಲ್... ಹಿಂದಿನ ಟ್ರೇಲರ್ ಜಿಗದ್ವು, ದಡಲ್... ದಡಲ್. ಡ್ರೈವರ್ ಮಾರಿ ಹೊರಗ ಹಾಕಿ, ಹಂಪ್ ಹಾಕಿದ ಮ್ಯಾಲ ಬಿಳಿ ಪಟ್ಟಿ ಹೊಡೀಬೇಕಂತ ತಿಳಿಯಂಗಿಲ್ಲೇನ ಅಂತ ಬೈದು ಹೋದ.

ಸಾರಿಕಾ ಬ್ಯಾಟರಿ ಹಚ್ಚಿದ್ಲು. ಸಪಾಟ ಡಾಂಬರು. ಯಾರೂ ಇಲ್ಲ. ಒಂದ ಚಿಟಿಕಿ ಮುರುಮ್ ಇಲ್ಲ.

ಆವತ್ತಿನಿಂದ ಗಾಡಿ ಎಲ್ಲಾ ಅಲ್ಲಿ ಸಾವಕಾಶ ಹೋಗತಾವು. ನಡಕೋತ ಹೋದ್ರ ಕಾಲಿಗಿ ಏನೂ ಹತ್ತಂಗಿಲ್ಲ. ಸಾರಿಕಾ ಆದ್ರೂ ಬಿಡಲಿಲ್ಲ, ಖರೇ ಹಂಪ್ ಬೇಕಂತ ಮತ್ತ ಅರ್ಜಿ ಕೊಟ್ಲು. ಆಫೀಸಿನವ್ರು ಬಂದ್ರು, ಟೇಪ್ ಹಿಡದ ಅಳದ್ರು, ಇಡೀ ದಿನ ಕುಂತ ನೋಡಿದ್ರು. ತಿಂಗಳಿಗಿ ಪತ್ರ ಬಂತು: "ಸದರಿ ಸ್ಥಳದಲ್ಲಿ ವಾಹನಗಳು ನಿಧಾನವಾಗಿಯೇ ಚಲಿಸುತ್ತಿರುವುದರಿಂದ ಹಂಪ್ ಅಳವಡಿಸುವ ಅವಶ್ಯಕತೆ ಕಂಡುಬರುವುದಿಲ್ಲ." ಸಾರಿಕಾ ಎರಡ ಸಲ ಓದಿದ್ಲು. ನಗೂನೂ ಬರಲಿಲ್ಲ, ಅಳೂನೂ ಬರಲಿಲ್ಲ. ಈಗ ಸಾಲಿ ಮುಂದ ಒಂದ ಹಂಪ್ ಹಾಕಸಾಕ ಅಡ್ಡಾಡಾಕತ್ತಾಳ. ಅಲ್ಲಿ ಗಾಡಿ ಇನ್ನೂ ಹಾರಿ ಬರತಾವು.

ಸುಳ್ಳ ಅನಬ್ಯಾಡ್ರಿ... ಹ್ವಾದ ವಾರ ನಾನ ಹೋಗಿ ನೋಡೇನಿ. ಮುಂಜಾನೆ ಐದರ ಹೊತ್ತು. ಟ್ರೇಲರಿನಿಂದ ಜಾರಿದ ಕಬ್ಬು ಬಾವಿ ಮುಂದ ಬಿದ್ದಿದ್ವು. ಚೆಲ್ಲಾಪಿಲ್ಲಿ ಅಲ್ಲ... ಈ ದಂಡಿಯಿಂದ ಆ ದಂಡಿತನಕ, ಹಗ್ಗಾ ಹಿಡದಂಗ, ಹಂಪಿನ ಬುಡಕ್ಕ ತಡದ ನಿಂತಂಗ, ಒಂದ ಸಾಲು.