ಅಪ್ಪನ ಎಡೆಗೆ ಶೇಂದಿ

ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಚಿಟಗುಪ್ಪದ ಬಸ್ಸಿಗೆ ಕಾಯುತ್ತಿದ್ದ ದಿಗಂಬರನಿಗೆ, ತನಗೆ ದಿನಾ ಶೇಂದಿ ಮಾರುವ ಸಾಯಪ್ಪನೂ ಅವನ ತಾಯಿಯೂ ಬೆನ್ನ ಹಿಂದೆಯೇ ಜಗಳಾಡುವುದು ಕೇಳಿಸಿತು. ಅವನು ತಿರುಗಲಿಲ್ಲ.

“ಮನ್ಯಾಗ ಹಂಡೆ ತುಂಬ ಶೇಂದಿ ಅದ. ಈ ಮಗಿ ಯಾಕ ತಂದಿ?”

“ಅದು ನೀರಾಗ ನಶಾದ ಪುಡಿ ಕಲಸಿದ್ದವ್ವ. ಇದು ಈಚಲ ಗಿಡದ್ದು, ನಾಳಿ ಅಪ್ಪನ ಎಡಿಗಿ ಇಡಾಕ.”

“ಸತ್ತವ್ರಿಗಿ ಗಿಡದ್ದು, ಇದ್ದವ್ರಿಗಿ ಪುಡೀದು?”

“ಜನ್ಮೆಲ್ಲಾ ಗಿಡ ಏರಿ ಇಳಿಸಿದಾಂವ. ಪುಡೀದು ಇಟ್ರ ಅಪ್ಪಗ ಗೊತ್ತಾಗ್ತದ.”

“ನಿನ್ನಿ ಆ ಪುಡೀದು ಕುಡದು ಬಿದ್ದ ಹಣಮು ಇನ್ನಾ ಕಣ್ಣ ತೆರದಿಲ್ಲ.”

“ಉಳದವ್ರು ಮುಂಜಾನಿ ಮತ್ತ ಕುಡಿಯಾಕ ಬಂದಾರಲ್ಲ.”

ಬಸ್ಸು ಬಂತು. ಮುದುಕಿ ದಿಗಂಬರನನ್ನು ದಾಟಿ ಮೆಟ್ಟಿಲೇರುತ್ತ ಮಗನಿಗೆ ಅಂದಳು:

“ಗಿಡದ್ದು ಮಂದಿಗಿ ಕುಡಿಸು, ಪುಡೀದು ನಿಮ್ಮಪ್ಪಗ ಇಡು. ಅಂವ ಇನ್ನೊಮ್ಮಿ ಸಾಯಂಗಿಲ್ಲ.”